ಶ್ರೀತಾಳೆ ಉಳಿಸಲು ಯಾವ ಜಾಗ ಮೊದಲು?

ಕುಮಟಾ ತಾಲೂಕಿನ ಯಾಣದ ಕಡೆಯ ಕಾಡುಗಳಲ್ಲಿ ಶ್ರೀತಾಳೆ, ಅಂದರೆ ಬೀಸಣಿಗೆಯಂಥ ಎಲೆಯ ದೊಡ್ಡ ತಾಳೆ ಮರ, ತಾನಾಗಿ ಬೆಳೆದ ಗುಂಪುಗಳು ಇನ್ನೂ ಇವೆ. ಅವುಗಳಲ್ಲಿ ಯಾವುದನ್ನು ಮೊದಲು ಕಾಯಬೇಕೆಂದು ಪಟ್ಟಿ ಮಾಡಿಕೊಡುವ ಕೆಲಸವನ್ನು ಪಂಚಾಯ್ತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿ ನನಗೆ ವಹಿಸಿತು. 2002ರ ಜೀವವೈವಿಧ್ಯ ಕಾಯ್ದೆಯಡಿ ಇಂಥ ದಾಖಲಾತಿ ಸಮಿತಿಯದೇ ಹೊಣೆ. ದೊಡ್ಡ ಮರ ಹೆಚ್ಚಿರುವ ಜಾಗವೇ ಮೊದಲು ಎಂದು ಹಲವರು ಅಂದುಕೊಂಡಿದ್ದರು. ಶ್ರೀತಾಳೆಗೆ ಆ ಲೆಕ್ಕ ಹೊಂದುವುದಿಲ್ಲ.

ಈ ಮರ 30ರಿಂದ 80 ವರ್ಷ ಬದುಕಿ ಒಂದೇ ಸಲ, ನೆತ್ತಿಯಲ್ಲಿ ಹೂ ಬಿಡುತ್ತದೆ. ಹೂಗೊಂಚಲೇ ಆರೇಳು ಮೀಟರ್ ಎತ್ತರ, ಅದರಲ್ಲಿ ಲಕ್ಷಗಟ್ಟಲೆ ಹೂ. ಕಾಯಿ ಬಲಿಯಲು ಸುಮಾರು ಒಂದು ವರ್ಷ ಬೇಕು, ಆಮೇಲೆ ಮರ ಸಾಯುತ್ತದೆ. ಹೀಗಾಗಿ ಒಂದೇ ವಯಸ್ಸಿನ ಮರಗಳಷ್ಟೇ ಇರುವ ಗುಂಪು ಎಷ್ಟೇ ಭರ್ಜರಿಯಾಗಿ ಕಂಡರೂ ಕೆಲವೇ ವರ್ಷಗಳಲ್ಲಿ ಬರಿದಾಗಬಹುದು.

ಆದ್ದರಿಂದ ಮರ ಎಣಿಸಿದ್ದಕ್ಕಿಂತ ಹೆಚ್ಚು ಹೊತ್ತು ನೆಲ ನೋಡಿದೆ. ಸಸಿ ಗುರುತಿಸಲು ಕಣ್ಣು ಪಳಗಬೇಕು. ಮೊದಲ ಎಲೆ ಬೀಸಣಿಗೆಯಂತಿರುವುದಿಲ್ಲ. ನೆರಿಗೆಯುಳ್ಳ, ಉದ್ದನೆಯ ಒಂದೇ ಎಲೆ. ಪಕ್ಕದಲ್ಲೇ ಇರಬಹುದಾದ, ತಾಳೆಯ ಜಾತಿಗೇ ಸೇರಿದ ಬೈನೆಯ ಸಸಿಯ ಎಲೆ ತುದಿಯಲ್ಲಿ ಸೀಳಿರುತ್ತದೆ. ಅನುಮಾನವಾದರೆ ಬುಡದ ಮಣ್ಣು ಮೆಲ್ಲಗೆ ಸರಿಸುತ್ತೇನೆ. ಬೀಜದಿಂದ ಹೊರಟ ಎಳೆ ಮೊದಲು ಕೆಳಗಿಳಿದು ಆಮೇಲೆ ಎಲೆ ಮೇಲಕ್ಕೆ ಕಳಿಸುವುದರಿಂದ, ಬೀಜ ಸಸಿಗೆ ಅಂಟಿಕೊಂಡಿರದೆ ತುಸು ದೂರದಲ್ಲಿ ಸಿಗುತ್ತದೆ. ಬೆಳೆದ ಮರಿಯಾದರೆ ಎಲೆದಂಟಿನ ಅಂಚಿನ ಕಪ್ಪು ಹಲ್ಲುಗಳೇ ಸಾಕು.

ಸಸಿ, ಕಾಂಡ ಮೂಡದ ಮರಿ, ಕಾಂಡ ಎದ್ದ ಮರ, ಹೂವು ಕಾಯಿ ಹೊತ್ತ ಮರ: ಈ ನಾಲ್ಕೂ ಇರುವ ಗುಂಪನ್ನು ಪಟ್ಟಿಯ ತಲೆಗೆ ಹಾಕಿದೆ, ಅಲ್ಲಿ ಮರ ಕಡಿಮೆಯಿದ್ದರೂ ಸರಿ. ತನ್ನನ್ನು ತಾನೇ ಮುಂದುವರಿಸಿಕೊಳ್ಳುತ್ತಿರುವ ಕಾಡು ಅದು. ಕೈಬಿಟ್ಟರೆ ನೆಟ್ಟು ತುಂಬಿಸುವುದು ಒಂದು ತಲೆಮಾರಿನ ಕೆಲಸ. ದೊಡ್ಡ ಮರಗಳಿದ್ದೂ ತರಗೆಲೆ ಗುಡಿಸಿ, ದನ ಮೇಯ್ದು ನೆಲ ಬೋಳಾದ ಜಾಗಗಳು ಅದರ ನಂತರ.

ಹೂ ಬಿಟ್ಟ ಮರಗಳಿಗೆ ಬೇರೆಯದೇ ಹಾಳೆ ಮಾಡಿದೆ, ಅವು ಪಟ್ಟಿಯ ಸರದಿಗೆ ಕಾಯುವಂತಿಲ್ಲ. "ಹೂ ಬಿಟ್ರೆ ಕೆಡುಕು ಅಂತ ಕಡೀತಿದ್ರು ತಮ್ಮಾ. ಹಿಟ್ಟು ಬೇಕಂದ್ರೆ ಹೂ ಬರೋಕೆ ಮುಂಚೇನೇ ಉರುಳಿಸೋರು" ಎಂದರು ಹಿರಿಯರೊಬ್ಬರು. ಹೂವಿಗೆಂದು ಮರ ಕೂಡಿಟ್ಟ ಪಿಷ್ಟವೇ ತಿರುಳಿನ ಆ ಹಿಟ್ಟು. ಎರಡರಲ್ಲಿ ಯಾವಾಗ ಕಡಿದರೂ ಆ ಮರದ ಇಡೀ ಬದುಕಿನ ಬೀಜ ಹೋಯಿತು. ಗರಿ ಕೊಯ್ದರೆ ಅಷ್ಟು ನಷ್ಟವಿಲ್ಲ. ಹಾಗಾಗಿ ಗರಿ ಕೊಯ್ಯುವವರ ಮೇಲೆ ನಿರ್ಬಂಧ ಬೇಡ ಎಂದೇ ಸಮಿತಿಗೆ ಬರೆದೆ. ಹೂ ಬಿಟ್ಟ ಮರ ಯಾರ ಜಾಗದಲ್ಲಿದೆಯೋ ಅವರ ಮನೆಗೇ ಹೋಗಿ, ಕಾಯಿ ಉದುರುವವರೆಗೆ ಕೊಡಲಿ ಹಾಕಬೇಡಿ ಎಂದು ಕೇಳಿಕೊಳ್ಳುತ್ತೇನೆ. ಉದುರಿದ ಬೀಜದಲ್ಲಿ ಒಂದು ಪಾಲನ್ನು ಅದೇ ಗುಂಪಿನ ಬೋಳು ನೆಲದಲ್ಲಿ ಬಿತ್ತಿ, ದನ ನುಗ್ಗದಂತೆ ಮುಳ್ಳು ಹೊದಿಸುತ್ತೇವೆ.