ಮಾತಿಗಿಂತ ಮೊದಲು ಬೆರಳನ್ನು ಗಮನಿಸಿ: ಎಳೆಯ ಮಕ್ಕಳಲ್ಲಿ ಆಟಿಸಂ ಸೂಚನೆಗಳನ್ನು ಗುರುತಿಸುವ ಬಗೆ

ಮುಂಬಯಿಯ ಕನ್ನಡ ಮನೆಗಳಲ್ಲಿ ಎರಡು ವರ್ಷ ತುಂಬಿದ ಮಗುವಿಗೆ ಇನ್ನೂ ಮಾತು ಬಂದಿಲ್ಲವೆಂದರೆ ಒಂದು ಸಮಾಧಾನ ಸಿದ್ಧವಾಗಿಯೇ ಇರುತ್ತದೆ. ಮನೆಯಲ್ಲಿ ಕನ್ನಡ ಅಥವಾ ತುಳು, ಪಾಳಣಾಘರ್‌ನಲ್ಲಿ (ಮಕ್ಕಳನ್ನು ನೋಡಿಕೊಳ್ಳುವ ಕೇಂದ್ರದಲ್ಲಿ) ಮರಾಠಿ, ಕಟ್ಟಡದ ಮಕ್ಕಳೊಂದಿಗೆ ಹಿಂದಿ. ಇಷ್ಟು ಭಾಷೆಗಳ ನಡುವೆ ಮಗು ಗೊಂದಲಕ್ಕೆ ಬಿದ್ದಿದೆ, ತಾನಾಗಿ ಸರಿಹೋಗುತ್ತದೆ ಎಂಬ ಮಾತು ಅದು. ಅವನ ಅಪ್ಪನಿಗೂ ಮಾತು ತಡವಾಗಿಯೇ ಬಂದದ್ದು ಎಂದು ಊರಿನಿಂದ ಅಜ್ಜಿಯೂ ಧೈರ್ಯ ಹೇಳುತ್ತಾರೆ. ಮಾತು ತಡವಾದ ಮಕ್ಕಳಿಗೆಲ್ಲ ಆಟಿಸಂ, ಎಂದರೆ ಇತರರೊಂದಿಗೆ ಒಡನಾಡುವ ರೀತಿಯೇ ಬೇರೆಯಾಗಿರುವ ಬೆಳವಣಿಗೆಯ ಸ್ಥಿತಿ, ಇರುವುದಿಲ್ಲ, ನಿಜ. ಆದರೆ ಹಲವು ಭಾಷೆಗಳನ್ನು ಕೇಳುತ್ತ ಬೆಳೆಯುವುದರಿಂದ ಆಟಿಸಂ ಬರುವುದಿಲ್ಲ. ಕರೆದರೆ ತಿರುಗದಿರುವುದಕ್ಕೆ, ಮುಖ ನೋಡಿ ನಗದಿರುವುದಕ್ಕೆ ಭಾಷೆಗಳ ಸಂಖ್ಯೆ ಕಾರಣವೂ ಅಲ್ಲ. ಆದುದರಿಂದ ಮಗುವಿನ ಪದಗಳನ್ನು ಎಣಿಸುವ ಮೊದಲು, ಪದಗಳಿಲ್ಲದೆಯೇ ಅದು ನಿಮ್ಮೊಂದಿಗೆ ಹೇಗೆ ಒಡನಾಡುತ್ತದೆ ಎಂಬುದನ್ನು ನೋಡಬೇಕು.

ಮೊದಲು ಹೆಸರು ಹಿಡಿದು ಕರೆದು ನೋಡಿ. ಒಂಬತ್ತರಿಂದ ಹನ್ನೆರಡು ತಿಂಗಳ ಒಳಗೆ ಹೆಚ್ಚಿನ ಮಕ್ಕಳು ತಮ್ಮ ಹೆಸರಿಗೆ ತಿರುಗುತ್ತಾರೆ. ಟಿವಿ ಆರಿಸಿ, ಹಿಂದಿನಿಂದ, ಸಹಜ ದನಿಯಲ್ಲಿ, ಬೇರೆ ಬೇರೆ ದಿನಗಳಲ್ಲಿ ಕರೆಯಿರಿ. ಹೆಸರಿಗೆ ತಿರುಗದ ಮಗು ಒಳಕೋಣೆಯಲ್ಲಿ ಬಿಸ್ಕತ್ತಿನ ಪೊಟ್ಟಣ ಬಿಚ್ಚಿದ ಸದ್ದಿಗೆ ಓಡಿಬರುತ್ತದೆಯೆಂದರೆ ಅದು ಬರೆದಿಟ್ಟುಕೊಳ್ಳಬೇಕಾದ ಸಂಗತಿ. ಹಾಗೆಂದು ಕಿವಿ ಚೆನ್ನಾಗಿದೆ ಎಂದು ನೀವೇ ತೀರ್ಮಾನಿಸಬೇಡಿ. ಶ್ರವಣ ಪರೀಕ್ಷೆ ಆಗಲೇಬೇಕು.

ಎರಡನೆಯದು ಬೆರಳು. ಎಲ್ಲಕ್ಕಿಂತ ಹೆಚ್ಚು ಹೊತ್ತು ಗಮನಿಸಬೇಕಾದದ್ದು ಇದನ್ನೇ ಎಂದು ನನ್ನ ಅಭಿಪ್ರಾಯ. ಒಂದು ವರ್ಷದ ಹೊತ್ತಿಗೆ ಮಗು ಟಾಟಾ ಮಾಡುತ್ತದೆ, ಎತ್ತಿಕೊಳ್ಳಲು ಕೈ ಚಾಚುತ್ತದೆ. ಒಂದೂವರೆ ವರ್ಷದೊಳಗೆ ತನಗೆ ಕಂಡದ್ದನ್ನು ನಿಮಗೂ ತೋರಿಸಲು ಬೆರಳು ಮಾಡುತ್ತದೆ. ಡೊಂಬಿವಲಿಯ ಬಾಲ್ಕನಿಯೊಂದರಿಂದ ಲೋಕಲ್ ರೈಲು ಕಂಡಾಗ ಮಗು ರೈಲಿನತ್ತ ಬೆರಳು ತೋರಿಸಿ, ತಿರುಗಿ ಅಮ್ಮನ ಮುಖ ನೋಡಿ, ಮತ್ತೆ ರೈಲನ್ನು ನೋಡುತ್ತದೆ. ಅದಕ್ಕೆ ರೈಲು ಬೇಕಾಗಿಲ್ಲ. ಅಮ್ಮನೂ ನೋಡಬೇಕು, ಅಷ್ಟೇ. ಈ ಹಂಚಿಕೊಳ್ಳುವಿಕೆ ಕಾಣದಿರುವುದು ಆಟಿಸಂನ ಮುಖ್ಯ ಸೂಚನೆಗಳಲ್ಲಿ ಒಂದು. ಬೇಕಾದ ವಸ್ತುವನ್ನು ಕೇಳುವ ರೀತಿಯನ್ನೂ ನೋಡಿ. ಬಿಗಿಯಾಗಿ ಮುಚ್ಚಿದ ಸ್ಟೀಲ್ ಡಬ್ಬಿಯಲ್ಲಿ ಚಕ್ಕುಲಿ ಇದ್ದರೆ ಕೆಲವು ಮಕ್ಕಳು ಡಬ್ಬಿ ತಂದುಕೊಟ್ಟು ನಿಮ್ಮ ಕಣ್ಣು ನೋಡುತ್ತಾರೆ. ಕೆಲವರು ಮುಖವನ್ನು ನೋಡದೆಯೇ ನಿಮ್ಮ ಮಣಿಕಟ್ಟು ಹಿಡಿದೆಳೆದು ಕೈಯನ್ನು ಮುಚ್ಚಳದ ಮೇಲೆ ಇಡುತ್ತಾರೆ. ಎರಡನೆಯ ರೀತಿಯೇ ರೂಢಿಯಾಗಿದ್ದರೆ ವೈದ್ಯರಿಗೆ ತಿಳಿಸಿ.

ಆಮೇಲೆ ಆಟ. ಆಟಿಕೆ ಕಾರನ್ನು ಓಡಿಸದೆ ಚಕ್ರವನ್ನೇ ತಿರುಗಿಸುತ್ತಿರುವುದು, ಆಟಿಕೆಗಳನ್ನು ಸಾಲಾಗಿ ಜೋಡಿಸುವುದು, ರೆಕ್ಕೆಯಂತೆ ಕೈ ಬಡಿಯುವುದು, ತುದಿಗಾಲಲ್ಲಿ ನಡೆಯುವುದು, ಮಿಕ್ಸರ್ ಅಥವಾ ಕುಕ್ಕರಿನ ಸದ್ದಿಗೆ ಕಿವಿ ಮುಚ್ಚಿ ಕಿರುಚುವುದು. ಇವುಗಳಲ್ಲಿ ಯಾವುದೊಂದೂ ತಾನೇ ಆಟಿಸಂ ಅಲ್ಲ, ಎಲ್ಲ ಮಕ್ಕಳೂ ಒಮ್ಮೊಮ್ಮೆ ಹೀಗೆ ಮಾಡುತ್ತಾರೆ. ಹಲವು ಸೇರಿಕೊಂಡಿವೆಯೇ, ತಡೆದರೆ ಮಗು ತೀವ್ರವಾಗಿ ಕಂಗೆಡುತ್ತದೆಯೇ ಎಂಬುದು ಮುಖ್ಯ. ಬಂದಿದ್ದ ಪದಗಳು ಅಥವಾ ಟಾಟಾ ಮಾಡುವ ರೂಢಿ ನಿಂತುಹೋದರೆ ಮಾತ್ರ, ಯಾವ ವಯಸ್ಸಿನಲ್ಲೇ ಆಗಲಿ, ಒಂದು ವಾರವೂ ಕಾಯಬೇಡಿ.

ಕಂಡದ್ದನ್ನು ಮೊಬೈಲಿನಲ್ಲಿ ಚಿಕ್ಕ ವಿಡಿಯೊಗಳಾಗಿ ಹಿಡಿದಿಡಿ, ಏಕೆಂದರೆ ದವಾಖಾನೆಯ ಕೋಣೆಯಲ್ಲಿ ಮಗು ಮನೆಯಲ್ಲಿದ್ದಂತೆ ಇರುವುದಿಲ್ಲ. ಹದಿನಾರರಿಂದ ಮೂವತ್ತು ತಿಂಗಳ ಮಕ್ಕಳಿಗೆ ಆಟಿಸಂ ಸೂಚನೆಗಳನ್ನು ಹುಡುಕುವ ಎಂ-ಚಾಟ್-ಆರ್ ಎಂಬ 20 ಪ್ರಶ್ನೆಗಳ ಪಟ್ಟಿಯಿದೆ. ಹೌದು-ಅಲ್ಲ ಎಂದು ತಂದೆತಾಯಿಯೇ ಉತ್ತರಿಸಬಹುದು. ಅಂಕ 3ರಿಂದ 7 ಬಂದರೆ ಹೆಚ್ಚಿನ ವಿಚಾರಣೆ ಬೇಕು, 8 ಅಥವಾ ಹೆಚ್ಚು ಬಂದರೆ ನೇರವಾಗಿ ತಜ್ಞರ ಪರೀಕ್ಷೆ ಬೇಕು. ಈ ಪಟ್ಟಿಯೇ ರೋಗನಿರ್ಣಯವಲ್ಲ. ಆಟಿಸಂ ಇದೆಯೆಂದು ಖಚಿತಪಡಿಸುವ ರಕ್ತಪರೀಕ್ಷೆಯಾಗಲಿ ಸ್ಕ್ಯಾನ್ ಆಗಲಿ ಇಲ್ಲ. ಮಕ್ಕಳ ಬೆಳವಣಿಗೆಯ ತಜ್ಞರು ಮಗುವನ್ನು ನೋಡಿ, ನಿಮ್ಮನ್ನು ಕೇಳಿಯೇ ನಿರ್ಧರಿಸುತ್ತಾರೆ. ಲಸಿಕೆಗೆ ಹೋದಾಗಲೇ ಮಕ್ಕಳ ವೈದ್ಯರಲ್ಲಿ ವಿಷಯ ಎತ್ತಿ. ಮಗುವಿಗೆ ಮೂರು ವರ್ಷ ತುಂಬುವವರೆಗೆ ಕಾಯಿರಿ ಎಂದರೆ ತಜ್ಞರಿಗೆ ಚೀಟಿ ಬರೆದುಕೊಡಿ ಎಂದು ವಿನಯದಿಂದಲೇ ಪಟ್ಟು ಹಿಡಿಯಿರಿ. ಶ್ರವಣ ಪರೀಕ್ಷೆಗೆ ಬಾಂದ್ರಾದಲ್ಲಿ ಕೇಂದ್ರ ಸರ್ಕಾರದ ಅಲಿ ಯಾವರ್ ಜಂಗ್ ಸಂಸ್ಥೆಯಿದೆ, ಪರೇಲಿನಲ್ಲಿ ಮಕ್ಕಳಿಗಾಗಿಯೇ ವಾಡಿಯಾ ಆಸ್ಪತ್ರೆಯಿದೆ.

ಈ ಓಡಾಟದ ನಡುವೆ ಮನೆಯಲ್ಲಿ ಯಾರೂ ತಾಯಿಯನ್ನು ದೂರಬಾರದು. ತಾಯಿಯ ಪ್ರೀತಿ ಸಾಲದೆ ಆಟಿಸಂ ಬರುತ್ತದೆಂಬ ವಾದ ಸುಳ್ಳೆಂದು ಸಾಬೀತಾಗಿ ದಶಕಗಳೇ ಕಳೆದಿವೆ. ಲಸಿಕೆಯನ್ನು ದೂಷಿಸಿದ್ದ 1998ರ ಲೇಖನವನ್ನೂ ಅದನ್ನು ಪ್ರಕಟಿಸಿದ ಪತ್ರಿಕೆಯೇ 2010ರಲ್ಲಿ ಹಿಂತೆಗೆದುಕೊಂಡಿತು.

ಅಂತಿಮ ವರದಿ ಬರಲಿ ಎಂದು ಸ್ಪೀಚ್ ಥೆರಪಿಯನ್ನು ಮುಂದೂಡಬೇಡಿ. ನಗರದಲ್ಲಿ ಅದು ಬಹುಮಟ್ಟಿಗೆ ಮರಾಠಿ, ಹಿಂದಿ ಅಥವಾ ಇಂಗ್ಲಿಷಿನಲ್ಲಿ ನಡೆಯುವುದರಿಂದ ಮನೆಯಲ್ಲಿ ಕನ್ನಡ ನಿಲ್ಲಿಸಬೇಕೇ ಎಂದು ಹಲವರು ಕೇಳುತ್ತಾರೆ. ನಿಲ್ಲಿಸಬೇಕಾಗಿಲ್ಲ. ನೀರು, ಊಟ, ಇನ್ನೂ ಬೇಕು, ಸಾಕು ಎನ್ನುವುದಕ್ಕೆ ಮನೆಯಲ್ಲಿ ಯಾವ ಪದ ಬಳಸುತ್ತೀರಿ ಎಂಬುದನ್ನು ಥೆರಪಿಸ್ಟರಿಗೆ ಬರೆದುಕೊಡಿ. ಅಲ್ಲಿಯೂ ಆ ಪದಗಳನ್ನೇ ಬಳಸಿದರೆ ಮಗುವಿಗೆ ಸುಲಭವಾಗುತ್ತದೆ. ಊರಿಗೆ ಹೋದಾಗ ಕನ್ನಡದಲ್ಲಿಯೇ ಪರೀಕ್ಷೆ ಮಾಡಿಸಬೇಕೆನಿಸಿದರೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯನ್ನು ಮುಂಚಿತವಾಗಿ ವಿಚಾರಿಸಿ ಹೊರಡಿ, ವಿಡಿಯೊಗಳನ್ನೂ ಇಲ್ಲಿನ ವರದಿಗಳನ್ನೂ ಜೊತೆಗೆ ಒಯ್ಯಿರಿ.