ಎದೆ ಹಿಂಡಿದಾಗ ‘ಬೆಳಿಗ್ಗೆ ನೋಡೋಣ’ ಎನ್ನದಿರಲು ಏನು ಮಾಡಬೇಕು

ರಾತ್ರಿ ಎರಡು ಗಂಟೆಗೆ ಎದೆ ಹಿಂಡಿದಂತಾದಾಗ ನಮ್ಮ ದೊಡ್ಡಪ್ಪನವರು ಮೊದಲು ಕೇಳಿದ್ದು ಜೀರಿಗೆ ಕಷಾಯ. ತಿರುಗುವ ಫ್ಯಾನಿನ ಕೆಳಗೆ ಮಂಚದ ಅಂಚಿನಲ್ಲಿ ಕುಳಿತಿದ್ದರೂ ಅವರ ಬನಿಯನ್ ನೀರಿನಲ್ಲಿ ಅದ್ದಿ ತೆಗೆದಂತೆ ತೊಯ್ದಿತ್ತು. “ಊಟ ಸ್ವಲ್ಪ ಹೆಚ್ಚಾಯಿತು, ಗ್ಯಾಸು ಅಷ್ಟೇ, ಮಕ್ಕಳನ್ನು ಎಬ್ಬಿಸಬೇಡ” ಎಂದು ದೊಡ್ಡಮ್ಮನಿಗೆ ಹೇಳಿ ಬೆಳಗಿನವರೆಗೆ ಕಾದರು. ಜೀವ ಉಳಿಯಿತು, ಆದರೆ ಈಗ ಒಂದು ಮಹಡಿ ಹತ್ತುವಷ್ಟರಲ್ಲಿ ಎರಡು ಬಾರಿ ನಿಲ್ಲುತ್ತಾರೆ.

ತಡವಾಗುವುದು ನಿರ್ಲಕ್ಷ್ಯದಿಂದಲ್ಲ, ಗ್ಯಾಸೋ ಹೃದಯವೋ ಎಂಬುದನ್ನು ಮನೆಯಲ್ಲೇ ತೀರ್ಮಾನಿಸಲು ಹೊರಡುವುದರಿಂದ. ಆ ತೀರ್ಮಾನ ಮನೆಯಲ್ಲಿ ಸಾಧ್ಯವಿಲ್ಲ. ತೇಗು ಬಂದು ಹಗುರವಾಯಿತೆಂದ ಮಾತ್ರಕ್ಕೆ ಹೃದಯಾಘಾತವಲ್ಲವೆಂದು ಹೇಳಲಾಗದು. ವೈದ್ಯರಿಗೂ ಇಸಿಜಿ ಮತ್ತು ಹೃದಯದ ಸ್ನಾಯುವಿಗೆ ಪೆಟ್ಟಾಗಿದೆಯೇ ಎಂದು ತೋರಿಸುವ ಟ್ರೋಪೋನಿನ್ ರಕ್ತಪರೀಕ್ಷೆ ಬೇಕೇ ಬೇಕು. ರಕ್ತನಾಳ ಪೂರ್ತಿ ಕಟ್ಟಿಕೊಂಡರೆ ಸುಮಾರು ಅರ್ಧ ಗಂಟೆಯಲ್ಲಿ ಹೃದಯದ ಸ್ನಾಯು ಸಾಯತೊಡಗುತ್ತದೆ. ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಚುಚ್ಚುಮದ್ದು ಮೊದಲ ಒಂದೆರಡು ಗಂಟೆಗಳಲ್ಲಿ ಕೊಡುವಷ್ಟು ಫಲವನ್ನು ಆಮೇಲೆ ಕೊಡುವುದಿಲ್ಲ.

ಆದ್ದರಿಂದ ಮನೆಮಂದಿಯೆಲ್ಲ ಒಪ್ಪಿದ ಒಂದು ನಿಯಮ ಮೊದಲೇ ಇರಲಿ. ಸುಮ್ಮನೆ ಕುಳಿತರೂ ಐದು ನಿಮಿಷದಲ್ಲಿ ಇಳಿಯದ ಎದೆಭಾರ, ಅದರೊಂದಿಗೆ ತಣ್ಣನೆಯ ಬೆವರು, ತೋಳು, ದವಡೆ ಅಥವಾ ಬೆನ್ನಿಗೆ ಹರಡುವ ನೋವು ಕಂಡರೆ ಚರ್ಚೆಯಿಲ್ಲದೆ ಹೊರಡುವುದು. ಸಕ್ಕರೆ ಕಾಯಿಲೆ ಇರುವವರಲ್ಲಿ, ವಯಸ್ಸಾದವರಲ್ಲಿ ಮತ್ತು ಹೆಂಗಸರಲ್ಲಿ ಎದೆನೋವೇ ಇಲ್ಲದೆ ಏದುಸಿರು, ವಾಕರಿಕೆ, ವಿಪರೀತ ಸುಸ್ತು ಮಾತ್ರ ಕಾಣಿಸಬಹುದು. ಹೆಂಗಸರ ವಿಷಯದಲ್ಲಿ ಇನ್ನೂ ಎಚ್ಚರ ಬೇಕು, ಏಕೆಂದರೆ ಅಡುಗೆ ಮುಗಿಸಿ, ಎಲ್ಲರನ್ನೂ ಕಳಿಸಿ, ಜೊತೆಗೆ ಬರುವವರು ಸಿಕ್ಕ ಮೇಲೆ ತೋರಿಸಿಕೊಂಡರಾಯಿತು ಎಂದು ಅವರು ನೋವನ್ನು ನುಂಗಿಕೊಳ್ಳುತ್ತಾರೆ.

ಬರುವುದಿಲ್ಲ ಎನ್ನುವವರ ಜೊತೆ ವಾದಕ್ಕಿಳಿಯಬೇಡಿ. “ಹಾರ್ಟ್ ಅಟ್ಯಾಕ್” ಎಂದೊಡನೆ ಅವರು ಹೆದರಿ ಇನ್ನಷ್ಟು ಬಿಗಿಯಾಗುತ್ತಾರೆ; ಸ್ಟೆಂಟು, ಲಕ್ಷಗಟ್ಟಲೆ ಬಿಲ್ಲು ಕಣ್ಣ ಮುಂದೆ ಬರುತ್ತವೆ. “ಗ್ಯಾಸೇ ಇರಬಹುದು ಅಪ್ಪಾ, ಒಂದು ಇಸಿಜಿ ತೆಗೆಸಿ ಖಚಿತ ಮಾಡಿಕೊಂಡು ಬಂದುಬಿಡೋಣ” ಎಂದರೆ ಒಪ್ಪುವವರೇ ಹೆಚ್ಚು. ಒಬ್ಬರು ಹೀಗೆ ಮಾತನಾಡುತ್ತಿರುವಾಗಲೇ ಇನ್ನೊಬ್ಬರು 108ಕ್ಕೆ ಕರೆ ಮಾಡಲಿ. ನಿರ್ಧಾರವನ್ನು ರೋಗಿಗೇ ಬಿಟ್ಟರೆ ಅದು ಬೆಳಗಿನವರೆಗೆ ಮುಂದಕ್ಕೆ ಹೋಗುತ್ತದೆ.

ಆಂಬುಲೆನ್ಸ್ ಬರುವವರೆಗೆ ಅವರನ್ನು ಒರಗಿಸಿ ಕೂರಿಸಿ. ಮೆಟ್ಟಿಲಿಳಿಸುವುದು, ಬೈಕಿನಲ್ಲಿ ಕೂರಿಸುವುದು ಬೇಡ. ಆಸ್ಪಿರಿನ್ ಅಲರ್ಜಿ ಅಥವಾ ರಕ್ತಸ್ರಾವದ ತೊಂದರೆ ಇಲ್ಲದಿದ್ದರೆ, ಫೋನಿನಲ್ಲಿ ವೈದ್ಯರನ್ನು ಕೇಳಿ ಸುಮಾರು 300 ಮಿಲಿಗ್ರಾಂ ಆಸ್ಪಿರಿನ್ ಜಗಿಯಲು ಕೊಡಬಹುದು. ನಾಲಿಗೆಯಡಿ ಇಡುವ ಸಾರ್ಬಿಟ್ರೇಟನ್ನು ಸ್ವಂತ ತೀರ್ಮಾನದಿಂದ ಕೊಡಬಾರದು; ಬಿಪಿ ಕುಸಿಯುವ ಅಪಾಯವಿದೆ.

ಎಲ್ಲಿಗೆ ಹೋಗಬೇಕೆಂಬುದನ್ನು ಇವತ್ತೇ ವಿಚಾರಿಸಿಡಿ. ಇಸಿಜಿ ಇಲ್ಲದ ಕ್ಲಿನಿಕ್ಕಿನ ಬಾಗಿಲು ತಟ್ಟಿ ಕಳೆಯುವ ಸಮಯ ಮರಳಿ ಬರುವುದಿಲ್ಲ. 2021ರಲ್ಲಿ 46ನೇ ವಯಸ್ಸಿಗೆ ತೀರಿಕೊಂಡ ಪುನೀತ್ ರಾಜ್‌ಕುಮಾರ್ ಅವರ ಹೆಸರಿನ ಹೃದಯ ಜ್ಯೋತಿ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ತೆಗೆದ ಇಸಿಜಿಯನ್ನು ಜಯದೇವ ಹೃದ್ರೋಗ ಆಸ್ಪತ್ರೆಯಂತಹ ಕೇಂದ್ರಗಳ ತಜ್ಞರು ನೋಡುತ್ತಾರೆ. ಅಗತ್ಯವಿದ್ದರೆ ಹೆಪ್ಪು ಕರಗಿಸುವ, ದುಬಾರಿಯಾದ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲಿಯೇ ಉಚಿತವಾಗಿ ಕೊಡಲಾಗುತ್ತದೆ. ಹಣದ ಚಿಂತೆಯಿಂದ ಕಾಯುವವರಿಗೆ ಈ ಮಾತನ್ನು ಮೊದಲೇ ತಿಳಿಸಬೇಕು. ನಿಮ್ಮ ತಾಲ್ಲೂಕಿನಲ್ಲಿ ಈ ಸೌಲಭ್ಯ ಇದೆಯೇ ಎಂದು ಕೇಳಿ, ಆಸ್ಪತ್ರೆಯ ಹೆಸರನ್ನೂ ದಿನನಿತ್ಯದ ಮಾತ್ರೆಗಳ ಪಟ್ಟಿಯನ್ನೂ ಒಂದೇ ಹಾಳೆಯಲ್ಲಿ ಬರೆದು ಫ್ರಿಜ್ಜಿನ ಮೇಲೆ ಅಂಟಿಸಿ.

ತುರ್ತು ವಿಭಾಗದಲ್ಲಿ ಚೀಟಿ ಮಾಡಿಸುವ ಸಾಲಿಗೆ ನಿಲ್ಲುವ ಮೊದಲೇ “ಎದೆನೋವು, ಎರಡು ಗಂಟೆಗೆ ಶುರುವಾಗಿದೆ” ಎಂದು ಗಟ್ಟಿಯಾಗಿ ಹೇಳಿ. ಬಂದ ಹತ್ತು ನಿಮಿಷದೊಳಗೆ ಇಸಿಜಿ ಆಗಬೇಕೆಂಬುದು ವೈದ್ಯಕೀಯ ನಿಯಮ. ಮೊದಲ ಇಸಿಜಿ ಸರಿಯಾಗಿ ಬಂದರೂ ನೋವು ಉಳಿದಿದ್ದರೆ ಇನ್ನೊಮ್ಮೆ ತೆಗೆಯಲು ಕೇಳಿ, ಮತ್ತು ರಕ್ತಪರೀಕ್ಷೆಯ ವರದಿ ನೋಡಿ ವೈದ್ಯರು ಹೊರಡಿ ಎನ್ನುವವರೆಗೆ ಮನೆಗೆ ಹಿಂತಿರುಗಬೇಡಿ.