ಕಾಳಿ ಏಕಕ್ಕೆ ಕಟ್ಟಿದ ಪೇಟಿ: ಗಾಂಧಾರ ಕೂಡಿಸಿದ ನನ್ನ ಅನುಭವ

ನನ್ನ ಪೇಟಿಯನ್ನು, ಅಂದರೆ ಹಾರ್ಮೋನಿಯಮ್ಮನ್ನು, ಮೊದಲನೇ ಕರಿ ಕೀ ಷಡ್ಜವಾಗುವ ಕಾಳಿ ಏಕ ಅನ್ನುವ ಒಂದೇ ಪಟ್ಟಿಗೆ, ತಂಬೂರಿಗೆ ಕೂಡುವಂತೆ ಶ್ರುತಿ ಮಾಡಿಕೊಂಡಿದ್ದೇನೆ. ‘ಒಂದ ಪಟ್ಟಿಗೆ ಕಟ್ಟಿದರ ಪೇಟಿ ಸತ್ತಂಗ ನೋಡ್ರಿ’ ಅಂದವರೇ ಹೆಚ್ಚು. ಧಾರವಾಡದ ಎರಡು ಮೂರು ಸಂಗೀತ ಬೈಠಕ್‌ನಲ್ಲಿ ಅದು ನುಡಿದ ಮೇಲೆ ಅವರಲ್ಲಿ ಇಬ್ಬರು ತಮ್ಮ ಪೇಟಿಯನ್ನೂ ಹೊತ್ತು ತಂದಿದ್ದಾರೆ. ಹಾಗಾಗಿ ಬರೆದಿಡುತ್ತಿದ್ದೇನೆ.

ತಂಟೆ ಇರುವುದು ಗಾಂಧಾರದಲ್ಲಿ. ಕಾಳಿ ಏಕದ ಷಡ್ಜ ಸುಮಾರು 277 ಹರ್ಟ್ಸ್. ತಂಬೂರಿಯಲ್ಲಿ ಅದಕ್ಕಿಂತ ಒಂದು ಸಪ್ತಕ ಕೆಳಗಿನ ಷಡ್ಜದ, ಅಂದರೆ ಖರ್ಜದ, ತಂತಿ ಮಿಡಿದಾಗ ಒಳಗಿಂದ ತಾನಾಗಿಯೇ ಗಾಂಧಾರ ಏಳುತ್ತದೆ, 693ರ ಹತ್ತಿರ. ಅಂಗಡಿಯಿಂದ ಬಂದ ಪೇಟಿಯಲ್ಲಿ ಸಪ್ತಕವನ್ನು ಹನ್ನೆರಡು ಸಮ ಪಾಲು ಮಾಡಿರುತ್ತಾರೆ, ಅದರ ಗಾಂಧಾರ ಇದಕ್ಕಿಂತ 14 ಸೆಂಟ್ ಏರು (ಅಂಥ ಒಂದು ಪಾಲಿನ ನೂರನೇ ಒಂದು ಭಾಗ ಒಂದು ಸೆಂಟ್). ಅದರ ಮೇಲಿನ ಸಪ್ತಕದ ನಾದ 698ಕ್ಕೆ ಹೋಗಿ ನಿಲ್ಲುತ್ತದೆ. ಎರಡೂ ತಾಗಿ ಸೆಕೆಂಡಿಗೆ ಐದು ಸಲ ಮಿಡಿತ. ಕೇಳುಗರು ಇದನ್ನು ಬೇಸೂರು ಅನ್ನುವುದಿಲ್ಲ, ‘ಯಾಕೋ ಮನಸ್ಸು ಕೂಡಲಿಲ್ಲ’ ಅನ್ನುತ್ತಾರೆ. ಯಮನ್ ರಾಗದ ನೆಮ್ಮದಿ ಒಡೆಯುವುದು ಅಲ್ಲೇ. ಹಾಡುವವರ ಗಂಟಲು ತಂಬೂರಿಯ ಗಾಂಧಾರಕ್ಕೆ ಇಳಿಯುತ್ತದೆ, ಪೇಟಿ ಮೇಲಕ್ಕೆ ಜಗ್ಗುತ್ತದೆ. ಸವಾಯಿ ಗಂಧರ್ವರ ಕಿರಾಣಾ ಘರಾಣೆಯ ಹಾಡುಗಾರಿಕೆಗೆ ಪಳಗಿದ ಕುಂದಗೋಳ, ಹುಬ್ಬಳ್ಳಿಯ ಕಿವಿಗಳಿಗೆ ಇದು ಬೇಗ ಚುಚ್ಚುತ್ತದೆ. 1940ರಲ್ಲಿ ಆಕಾಶವಾಣಿ ಪೇಟಿಯನ್ನು ಹೊರಗಿಟ್ಟಾಗ ಇದ್ದ ದೂರುಗಳಲ್ಲಿ ಎರಡು: ಮೀಂಡ್ (ಸ್ವರದಿಂದ ಸ್ವರಕ್ಕೆ ಜಾರುವುದು) ಬರುವುದಿಲ್ಲ, ಶ್ರುತಿ ಕೂಡುವುದಿಲ್ಲ. 1971ರಲ್ಲಿ ಬಾಗಿಲು ಸ್ವಲ್ಪ ತೆರೆಯಿತು, ದೂರು ಹಾಗೇ ಉಳಿಯಿತು. ಮೀಂಡಿಗೆ ಮದ್ದಿಲ್ಲ. ಶ್ರುತಿಗೆ ಇದೆ.

ಷಡ್ಜ ಮುಟ್ಟಬೇಡಿ. ಅಂಗಡಿಯ ಶ್ರುತಿಯಿಂದ ಇಳಿಸಬೇಕಾದವು: ಗಾಂಧಾರ 14 ಸೆಂಟ್, ಧೈವತ 16, ನಿಷಾದ 12, ತೀವ್ರ ಮಧ್ಯಮ 10, ಶುದ್ಧ ಮಧ್ಯಮ 2. ಏರಿಸಬೇಕಾದವು: ಕೋಮಲ ಗಾಂಧಾರ 16, ಕೋಮಲ ಧೈವತ 14, ಕೋಮಲ ರಿಷಭ 12, ಶುದ್ಧ ರಿಷಭ 4, ಪಂಚಮ 2. ಕೋಮಲ ನಿಷಾದದ ಜಗಳ ಬೇರೆ, ಕೆಳಗೆ ಬರುತ್ತೇನೆ.

ರೀಡಿನ ನಾಲಿಗೆಯ ತುದಿ ಉಜ್ಜಿದರೆ ಏರುತ್ತದೆ, ಬುಡ ಕೆರೆದರೆ ಇಳಿಯುತ್ತದೆ. ಇದು ಎಲ್ಲರಿಗೂ ಗೊತ್ತು. ಕೆಡುವುದು ಬೇರೆ ಕಡೆ. ನಾಲಿಗೆಯ ಕೆಳಗೆ ಬ್ಲೇಡು ತೂರಿಸದೆ ಅರ ಆಡಿಸಿದರೆ ಹಿತ್ತಾಳೆ ಬಾಗಿ, ಮೆಲ್ಲಗೆ ಗಾಳಿ ಕೊಟ್ಟರೆ ರೀಡು ನುಡಿಯುವುದೇ ಇಲ್ಲ. ಉಜ್ಜಿದ ಬಿಸಿಯಲ್ಲಿ ಅಳೆದರೆ ಶ್ರುತಿ ಇಳಿದಂತೆ ತೋರುತ್ತದೆ, ಆರಿದ ಮೇಲೆ ಏರಿರುತ್ತದೆ. ಎರಡು ನಿಮಿಷ ಕಾಯಬೇಕು. ಮೇಜಿನ ಮೇಲೆ ಸರಿ ಬಂದದ್ದು ಪೆಟ್ಟಿಗೆಯೊಳಗೆ ಕೂತಾಗ ಮೂರು ನಾಲ್ಕು ಸೆಂಟ್ ಸರಿಯುತ್ತದೆ. ಕೊನೆಯ ಅಳತೆ ಒಳಗೇ ಆಗಬೇಕು. ಜೋರಾಗಿ ತಿದಿ ಒತ್ತಿದರೂ ಶ್ರುತಿ ಇಳಿಯುತ್ತದೆ. ಗಾಳಿಯನ್ನು ಒಂದೇ ಸಮ ಇಡಲು ನಾನು ಮಾಡಿಕೊಂಡ ಉಪಾಯ ಇಲ್ಲಿ ಬರೆಯುವುದಿಲ್ಲ, ಅದಕ್ಕೆ ಆರು ತಿಂಗಳು ಹೋಗಿವೆ.

ಹಣದ ಮಾತು. ಹಳೆಯ ಡಬಲ್ ರೀಡ್ ಪೇಟಿ, 42 ಕೀ, ಕೀಗೆ ಎರಡು ರೀಡು, ಹುಬ್ಬಳ್ಳಿಯಲ್ಲಿ ಎಂಟು ಸಾವಿರದ ಆಸುಪಾಸಿಗೆ ಕೊಂಡೆ. ಮೊದಲು ಒಬ್ಬ ರಿಪೇರಿಯವರಿಗೆ ಕೊಟ್ಟೆ. ಎರಡು ಸಾವಿರ ತೆಗೆದುಕೊಂಡು, ಎಲ್ಲ ಸ್ವರವನ್ನೂ ಮೊಬೈಲಿನ ಟ್ಯೂನರ್‌ನಲ್ಲಿ ಸೊನ್ನೆಗೆ, ಅಂದರೆ ಮತ್ತೆ ಅದೇ ಸಮ ಪಾಲಿಗೆ, ತಂದು ವಾಪಸ್ ಕೊಟ್ಟರು. ಆ ಸೊನ್ನೆಯೇ ರೋಗ ಅಂತ ತಿಳಿಹೇಳಲು ಆಗಲಿಲ್ಲ. ಆಮೇಲೆ ನನ್ನ ಕೈಯಲ್ಲೇ ಹತ್ತು ಹನ್ನೊಂದು ರೀಡು ಹಾಳಾದವು. ಹೆಚ್ಚಿನವು ಧೈವತ, ಬುಡ ಆಳವಾಗಿ ಕೆರೆದದ್ದರಿಂದ ಒಂದೆರಡು ತಿಂಗಳಲ್ಲಿ ಬಿರುಕು ಬಿಟ್ಟವು. ಗುಜರಾತಿನ ಪಾಲಿತಾಣಾದ ರೀಡು ಬಿಡಿಯಾಗಿ ಸಿಗಲಿಲ್ಲ, ಪೂರ್ತಿ ಸೆಟ್ಟಿಗೆ ಮೂರೂವರೆ ಸಾವಿರ ಬಿತ್ತು. ಈಗ ಬುಡದ ಒಂದೇ ಕಡೆ ಕೆರೆಯದೆ ಉದ್ದಕ್ಕೂ ಹಗುರಾಗಿ ಎಳೆಯುತ್ತೇನೆ. ಖರ್ಜದ ದೊಡ್ಡ ರೀಡಾದರೆ ಕೆರೆಯುವುದೇ ಬೇಡ, ತುದಿಗೆ ಬೆಸುಗೆಯ ಸಣ್ಣ ಹನಿ ಸಾಕು. ಒಂದಕ್ಕೆ ಕಾಲು ಗಂಟೆ ಹಿಡಿದರೂ 84 ರೀಡಿಗೆ ಇಪ್ಪತ್ತು ಗಂಟೆ ದಾಟುತ್ತದೆ.

ಪೇಟಿ ಸತ್ತಿತೆಂಬ ಮಾತಿಗೆ ಬರೋಣ. ಇದೇ ಪೇಟಿಯಲ್ಲಿ ಪಂಚಮವನ್ನು, ಅಂದರೆ ಕಾಳಿ ಚಾರ್ ಅನ್ನು, ಷಡ್ಜ ಹಿಡಿದರೆ ಶುದ್ಧ ಸ್ವರಗಳಲ್ಲಿ ರಿಷಭ ಒಂದೇ 22 ಸೆಂಟ್ ಕೆಳಗೆ, ಮಿಕ್ಕವು ಕೂಡುತ್ತವೆ. ರಿಷಭ ಬಿಡುವ ರಾಗಕ್ಕೆ ಇನ್ನೇನು ಬೇಕು? ಕಾಳಿ ತೀನ್ ಹಿಡಿದರೆ ಧೈವತ ಅಷ್ಟೇ ಏರು, ಅಲ್ಲಿಯ ಮಧ್ಯಮ ಕೂಡುವುದು ಬಿಡುವುದು ಮಾತ್ರ ಕೋಮಲ ನಿಷಾದದ ಕೈಯಲ್ಲಿ. ಸ್ಕೇಲ್ ಚೇಂಜರ್ (ಪಟ್ಟಿ ಬದಲಿಸುವ ಪೇಟಿ) ಇದ್ದರೂ ಇದು ಬಗೆಹರಿಯುವುದಿಲ್ಲ, ಅದರಲ್ಲಿ ಜಾರುವುದು ಕೀಗಳು, ರೀಡಲ್ಲ. ಇನ್ನೊಂದು ಎಚ್ಚರ: ರಿಷಭ, ಧೈವತ ಎರಡನ್ನೂ ಕೂಡಿಸಿ ಒತ್ತಬಾರದು, ತೋಳ ಊಳಿಟ್ಟಂತೆ ಆಗುತ್ತದೆ. ವಚನಕ್ಕೆ ಸಾಥ್ ಕೊಡುವವರಿಗೆ ಎರಡೆರಡು ಕೀ ಒತ್ತುವ ಚಟ, ಅವರಿಗೆ ಇದು ಮೊದಲೇ ಹೇಳಬೇಕು.

ಕೋಮಲ ನಿಷಾದಕ್ಕೆ ಎರಡು ಮನೆ. ನಾಲ್ಕು ಸೆಂಟ್ ಇಳಿಸಿದರೆ ಮಧ್ಯಮದೊಂದಿಗೆ ಕೂಡುತ್ತದೆ, ಕಾಳಿ ತೀನ್ ಕೂಡ ಉಳಿಯುತ್ತದೆ. 18 ಏರಿಸಿದರೆ ಕೋಮಲ ಗಾಂಧಾರದೊಂದಿಗೆ ಕೂಡುತ್ತದೆ, ಕಾಫಿ ರಾಗಕ್ಕೆ ಹೊಳಪು ಬರುತ್ತದೆ. ಮಂದ್ರದಲ್ಲಿ ಮೊದಲನೆಯದು, ಮಧ್ಯ ಸಪ್ತಕದಲ್ಲಿ ಎರಡನೆಯದು ಇಟ್ಟು ನೋಡಿದೆ. ತಾನ್ (ವೇಗದ ಸ್ವರಗಳ ಸಾಲು) ಇಳಿಯುವಾಗ ಮೆಟ್ಟಿಲು ತಪ್ಪಿದಂತೆ ಅನಿಸಿತು, ತೆಗೆದೆ. 31 ಸೆಂಟ್ ಇಳಿಸಿಯೂ ನೋಡಿದ್ದಾಯಿತು. ತಂಬೂರಿಯಲ್ಲಿ ಕರಗಿ ಹೋಯಿತು, ಭಜನಾ ಮಂಡಳಿಯ ಹಿರಿಯರೊಬ್ಬರು ‘ಪೇಟಿಗೆ ನಿದ್ದಿ ಬಂತೇನಪಾ’ ಅಂದರು. ಈಗ ಎಲ್ಲ ಕಡೆ ನಾಲ್ಕು ಇಳಿಸಿದ್ದೇ ಇದೆ.

ಭೈರವ ರಾಗದ ಆಂದೋಲಿತ, ಅಂದರೆ ತೂಗಾಡುವ, ರಿಷಭ ಮಾತ್ರ ಎಷ್ಟು ಉಜ್ಜಿದರೂ ಬರುವುದಿಲ್ಲ. ಅಲ್ಲಿ ಬೆರಳೆತ್ತಿ ಷಡ್ಜ ಹಿಡಿದು ಕೂರುತ್ತೇನೆ.

ಧಾರವಾಡದ ಮಳೆಯಲ್ಲಿ ಕಟ್ಟಿಗೆ ಉಬ್ಬುತ್ತದೆ, ಬೇಸಿಗೆಯಲ್ಲಿ ರೀಡಿಗೆ ಧೂಳು ಕೂರುತ್ತದೆ. ಮಳೆ ನಿಂತ ಮೇಲೊಮ್ಮೆ, ಶಿವರಾತ್ರಿ ಕಳೆದ ಮೇಲೊಮ್ಮೆ ಬಿಚ್ಚಿ ಮೆದು ಬ್ರಶ್ ಆಡಿಸಬೇಕು. ಶ್ರುತಿ ಸರಿದಿದೆ ಅಂತ ಅರ ಎತ್ತಿಕೊಳ್ಳುವ ಮುಂಚೆ ಧೂಳು ತೆಗೆದು ಇನ್ನೊಮ್ಮೆ ಕೇಳಿ. ಅರ್ಧಕ್ಕರ್ಧ ಸಲ ಸರಿದದ್ದು ಶ್ರುತಿಯಾಗಿರುವುದಿಲ್ಲ.